ಜೈನ ಪರಂಪರೆ ಮತ್ತು ಇಂದಿನ ಕಲಾವಿದರು

ಪರಂಪರೆಯಿಂದ ಬಂದ ಕಥೆ, ಸಂಕೇತ, ಆಚರಣೆ ಅಥವಾ ತತ್ತ್ವವನ್ನು ಕೈಗೆತ್ತಿಕೊಂಡು, ಅದನ್ನು ಇದ್ದ ಹಾಗೇ ನಕಲು ಮಾಡದೆ, ತನ್ನ ಕಾಲದ ಪ್ರಶ್ನೆಗಳ ಎದುರಿಗೆ ಇಟ್ಟು ನೋಡುವುದು ಸಮಕಾಲೀನ ಕಲೆಯ ಒಂದು ಮುಖ್ಯ ದಾರಿ. ಇದಕ್ಕೆ ಕುಂಚ, ಉಳಿಯೇ ಬೇಕೆಂದಿಲ್ಲ. ನಾಟಕ, ನೃತ್ಯ, ರೇಖಾಚಿತ್ರ, ಒಂದು ಕೋಣೆಯ ತುಂಬ ಜೋಡಿಸಿದ ವಸ್ತುಗಳು, ಎಲ್ಲವೂ ಇದರಲ್ಲಿ ಬರುತ್ತವೆ. ಜೈನ ಪರಂಪರೆಗೆ ಇಂಥ ಕಲೆಯೊಂದಿಗೆ ಇರುವ ಸಂಬಂಧವನ್ನು ಕರ್ನಾಟಕದ ಕೆಲವು ಉದಾಹರಣೆಗಳ ಮೂಲಕ ಇಲ್ಲಿ ನೋಡಲಾಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶ್ರಾವಕರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, ಕೋಥಳಿಯ ಆಚಾರ್ಯ ದೇಶಭೂಷಣರು, ಶೇಡಬಾಳದ ಆಚಾರ್ಯ ವಿದ್ಯಾನಂದರು, ಸದಲಗಾದ ಆಚಾರ್ಯ ವಿದ್ಯಾಸಾಗರರು, ಹೀಗೆ ಈ ಸೀಮೆ ನಾಡಿಗೆ ಕೊಟ್ಟದ್ದು ಮುನಿಪರಂಪರೆಯನ್ನು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕಲೆಯ ಮಾತು ಬಂದರೆ ಶ್ರವಣಬೆಳಗೊಳ, ಮೂಡಬಿದಿರೆಗಳತ್ತ ಕೈ ತೋರಿಸಿ ಸುಮ್ಮನಾಗುತ್ತೇವೆ. ಹಾರೂಗೇರಿಯಂಥ ಊರಿನ ಕಬ್ಬು, ಅರಿಷಿಣ ಬೆಳೆಯುವ ಮನೆಯಲ್ಲಿ ಒಬ್ಬ ಹುಡುಗಿ ಚೆನ್ನಾಗಿ ಚಿತ್ರ ಬರೆದರೆ, ಪಂಚಕಲ್ಯಾಣದ ರಂಗೋಲಿಗೂ ಪಾಠಶಾಲೆಯ ಗೋಡೆಗೂ ಅವಳನ್ನು ಕರೆಯುತ್ತೇವೆ. ಅದನ್ನೇ ಓದುತ್ತೇನೆ ಎಂದರೆ ಮಾತ್ರ ಮನೆಯವರ ಮುಖ ಸಣ್ಣದಾಗುತ್ತದೆ. ಜೈನ ಕಲೆ ಎಂದೋ ಮುಗಿದುಹೋದ ಕೆಲಸ ಎಂಬ ನಂಬಿಕೆಯೂ ಇದರ ಹಿಂದೆ ಇದೆ. ಆ ನಂಬಿಕೆ ಸರಿಯಲ್ಲ.

ಬಿಂಬಕ್ಕೆ ನಿಯಮವಿದೆ

ಮೊದಲು ಒಂದು ಗಡಿಯನ್ನು ಗುರುತಿಸಿಕೊಳ್ಳಬೇಕು. ಪೂಜೆಗೆ ಪ್ರತಿಷ್ಠೆಯಾಗುವ ಜಿನಬಿಂಬದಲ್ಲಿ ಶಿಲ್ಪಿಯ ಸ್ವಂತ ಕಲ್ಪನೆಗೆ ಜಾಗ ಬಹಳ ಕಡಿಮೆ. ಪದ್ಮಾಸನ ಅಥವಾ ಕಾಯೋತ್ಸರ್ಗ, ತಾಳಮಾನದ ಅಳತೆ, ಪೀಠದ ಮೇಲಿನ ಲಾಂಛನ, ದಿಗಂಬರ ಸಂಪ್ರದಾಯದಲ್ಲಿ ಯಾವ ಆಭರಣವೂ ಇಲ್ಲದ ದೇಹ, ಇವೆಲ್ಲ ನಿಗದಿಯಾದವು. ಲಾಂಛನವನ್ನು ಮುಚ್ಚಿಟ್ಟರೆ ಹಲವು ತೀರ್ಥಂಕರರ ಬಿಂಬಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗದು. ಅದು ಕೊರತೆಯಲ್ಲ. ವ್ಯಕ್ತಿಯ ಗುರುತು ಕರಗಿದ ಸ್ಥಿತಿಯನ್ನೇ ಅಲ್ಲಿ ಕೆತ್ತಬೇಕಾದದ್ದು.

ಹಾಗಿದ್ದರೂ ನಮ್ಮ ಕಾಲದ ಶಿಲ್ಪಿಯ ಕೈ ಕಾಣುವುದಿಲ್ಲವೆಂದಲ್ಲ. ಧರ್ಮಸ್ಥಳದ ರತ್ನಗಿರಿಯ ಬಾಹುಬಲಿ ಇದಕ್ಕೆ ಸಾಕ್ಷಿ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ 1967ರಲ್ಲಿ ಕೆತ್ತನೆ ಆರಂಭಿಸಿದರು. 39 ಅಡಿ ಎತ್ತರ, ಸುಮಾರು 170 ಟನ್ ತೂಕದ ಏಕಶಿಲೆಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ಪ್ರತಿಷ್ಠೆ ನಡೆದದ್ದು 1982ರಲ್ಲಿ. ಶೆಣೈ ಅವರ ಎದುರಿಗೆ ಬೆಳಗೊಳದ 981ರ ಮೂರ್ತಿ, ಕಾರ್ಕಳದ 1432ರ ಮೂರ್ತಿ, ವೇಣೂರಿನ 1604ರ ಮೂರ್ತಿ ಇದ್ದವು. ನಿಲುವು ಒಂದೇ, ಬಳ್ಳಿ ಒಂದೇ. ಆದರೂ ನಾಲ್ಕರ ಮುಖಭಾವ ನಾಲ್ಕು ಬಗೆ. ಶೆಣೈ ಅವರು ಜನ್ಮದಿಂದ ಜೈನರಲ್ಲ ಎಂಬುದನ್ನೂ ನೆನಪಿಡಬೇಕು. ಮುಂದೆ ಬರುವ ಹಲವು ಹೆಸರುಗಳ ವಿಷಯದಲ್ಲೂ ಇದೇ ಮಾತು.

ಶೇಡಬಾಳದಿಂದ ಹೊರಟ ಒಂದು ರೇಖೆ

ಮನೆಯ ಬಾಗಿಲು, ಲಗ್ನಪತ್ರಿಕೆ, ಗಾಡಿಯ ಗಾಜು, ಎಲ್ಲೆಲ್ಲೂ ಇರುವ ಜೈನ ಪ್ರತೀಕ ಚಿಹ್ನೆ ಪ್ರಾಚೀನವಾದುದೆಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ರೂಪುಗೊಂಡದ್ದು ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974ರ ಹೊತ್ತಿಗೆ. ಎಲ್ಲ ಪಂಥಗಳೂ ಒಪ್ಪುವ ಒಂದು ಚಿಹ್ನೆ, ಒಂದು ಪಂಚವರ್ಣ ಧ್ವಜ ಬೇಕೆಂದಾಗ ಅದನ್ನು ಸಾಧ್ಯವಾಗಿಸಿದವರಲ್ಲಿ ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ವಿದ್ಯಾನಂದ ಮುನಿಗಳು ಪ್ರಮುಖರು.

ಚಿಹ್ನೆಯನ್ನು ಕಲೆಯ ಕಣ್ಣಿನಿಂದ ಒಮ್ಮೆ ನೋಡಿ. ಹೊರಗಿನ ಗೆರೆ ಮೂರು ಲೋಕಗಳ ಆಕಾರ. ಹಳೆಯ ಹಸ್ತಪ್ರತಿಗಳಲ್ಲಿ, ಬಟ್ಟೆಯ ಮೇಲಿನ ಚಿತ್ರಗಳಲ್ಲಿ ನರಕದಿಂದ ಸಿದ್ಧಶಿಲೆಯವರೆಗೆ ಒಂದೊಂದು ಪದರಕ್ಕೂ ಬಣ್ಣ ತುಂಬಿ, ಅಳತೆ ಬರೆದು ತೋರಿಸುತ್ತಿದ್ದ ಲೋಕದ ನಕಾಶೆ ಅದು. ಇಲ್ಲಿ ಬಣ್ಣವೂ ಅಂಕಿಯೂ ಬಿದ್ದುಹೋಗಿ ಬರೀ ಹೊರಗೆರೆ ಉಳಿದಿದೆ. ಒಳಗೆ ಸ್ವಸ್ತಿಕ, ರತ್ನತ್ರಯದ ಮೂರು ಬಿಂದು, ಸಿದ್ಧಶಿಲೆಯ ಅರ್ಧಚಂದ್ರ, ಅಂಗೈಯಲ್ಲಿ ಅಹಿಂಸೆಯ ಚಕ್ರ. ಕೆಳಗೆ ಜೀವಗಳ ಪರಸ್ಪರ ಉಪಕಾರವನ್ನು ಹೇಳುವ ತತ್ತ್ವಾರ್ಥಸೂತ್ರದ ಮಾತು. ಇದರಲ್ಲಿ ಹೊಸದಾಗಿ ಹುಟ್ಟಿಸಿದ ಅಂಶ ಒಂದೂ ಇಲ್ಲ. ಜೋಡಣೆ ಮಾತ್ರ ಹೊಸದು, ಅಂಚೆಚೀಟಿಯಷ್ಟು ಚಿಕ್ಕದಾದರೂ ಓದಲು ಬರಬೇಕೆಂಬ ಇಂದಿನ ಅಗತ್ಯಕ್ಕೆ ತಕ್ಕಂತೆ ಮಾಡಿದ್ದು. ಐವತ್ತು ವರ್ಷದೊಳಗೆ ಅದು ಸನಾತನವೆನಿಸಿಬಿಟ್ಟಿದೆ.

ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರ ‘ಮೂಕಮಾಟಿ’ಯನ್ನೂ ಇದೇ ಸಾಲಿನಲ್ಲಿ ಹೇಳಬೇಕು. 1988ರಲ್ಲಿ ಪ್ರಕಟವಾದ ಈ ಹಿಂದಿ ಮಹಾಕಾವ್ಯದಲ್ಲಿ ರಾಜನಿಲ್ಲ, ಚಕ್ರವರ್ತಿಯಿಲ್ಲ. ತುಳಿಸಿಕೊಂಡು ಬಿದ್ದ ಮಣ್ಣು ಕುಂಬಾರನ ಕೈ ಸೇರಿ, ಆವಿಗೆಯ ಬೆಂಕಿ ದಾಟಿ, ಕೊಡವಾಗುವುದೇ ಕಥೆ. ಜೀವದ ಶುದ್ಧಿಯ ತತ್ತ್ವವನ್ನು ಪುರಾಣದ ಪಾತ್ರಗಳಿಲ್ಲದೆ ಹೇಳಲು ಹೊರಟ ಧೈರ್ಯ ಅದು. ಕನ್ನಡದ ಮನೆಯಿಂದ ಬಂದವರು ಹಿಂದಿಯಲ್ಲಿ ಬರೆದರಲ್ಲ ಎಂಬ ಸಣ್ಣ ಹಳಹಳಿ ನಮ್ಮ ಕಡೆಯವರಿಗೆ ಇದ್ದೇ ಇದೆ.

ಹಿಟ್ಟಿನ ಕೋಳಿ: ಒಂದು ಸಾವಿರ ವರ್ಷದ ಪ್ರಶ್ನೆ

ಬಿಂಬ ಬದಲಾಗದಿದ್ದರೂ ಕಥೆ ಬದಲಾಗುತ್ತಲೇ ಬಂದಿದೆ. ಪಂಪನ ‘ಆದಿಪುರಾಣ’ದಲ್ಲಿ (941) ಭರತ–ಬಾಹುಬಲಿಯರು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಎದುರಾಗುತ್ತಾರೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಅಣ್ಣ ತಮ್ಮನನ್ನು ಮಾತಿನ ಮೆದುತನದಿಂದಲೇ ಗೆಲ್ಲುತ್ತಾನೆ. ಇಂದಿನ ಕಲಾವಿದ ಕಥೆಯನ್ನು ತಿರುಗಿಸಿದಾಗ ಸಿಟ್ಟಾಗುವ ಮೊದಲು ರತ್ನಾಕರನನ್ನು ನೆನೆಯುವುದು ಒಳ್ಳೆಯದು.

ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಯಶೋಧರನ ಕಥೆ. ಸೋಮದೇವಸೂರಿಯ ‘ಯಶಸ್ತಿಲಕ’ (959), ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನ ‘ಯಶೋಧರ ಚರಿತೆ’ (1209), ಹೀಗೆ ಅದು ಕೈಯಿಂದ ಕೈಗೆ ಬಂತು. ರಾಣಿ ಅಮೃತಮತಿ ವಿಕಾರರೂಪದ ಮಾವುತನ ಹಾಡಿಗೆ ಮನಸೋಲುತ್ತಾಳೆ. ಅದನ್ನು ಕಂಡ ಯಶೋಧರ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ತಾಯಿ ಚಂದ್ರಮತಿ ಪರಿಹಾರಕ್ಕೆ ಬಲಿ ಕೇಳುತ್ತಾಳೆ. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿ ಮಾಡಿ ಕಡಿದಾಗ ಅದು ಕೂಗುತ್ತದೆ. ರಾಣಿ ವಿಷವಿಕ್ಕಿ ತಾಯಿ–ಮಗನನ್ನು ಕೊಲ್ಲುತ್ತಾಳೆ. ನವಿಲು, ನಾಯಿ ಮೊದಲಾದ ಜನ್ಮಗಳನ್ನು ತಿರುಗಿ ಅವರು ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತಾರೆ.

ಕಥೆಯ ನೆಟ್ಟಗಂಬ ಸಂಕಲ್ಪ ಹಿಂಸೆ. ನಮ್ಮ ಆಚಾರಶಾಸ್ತ್ರ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಒಕ್ಕಲುತನ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆ ಇದೆ. ಕೊಲ್ಲಬೇಕೆಂಬ ಮನಸ್ಸಿನಿಂದ ಮಾಡುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನು ಪೂರ್ತಿಯಾಗಿ ಬಿಡಬೇಕು. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ, ಕೊಲ್ಲುವ ಮನಸ್ಸಿಗೆ ಇತ್ತು.

ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ಜನ್ಮಾಂತರಗಳ ಸರಪಣಿಯನ್ನು ಪೂರ್ತಿ ಕಳಚಿದರು. ಉಳಿದದ್ದು ನಾಲ್ಕು ಜನ: ರಾಜ, ರಾಣಿ, ರಾಜಮಾತೆ, ಮಾವುತ. ದೊಡ್ಡ ಬದಲಾವಣೆ ಇನ್ನೊಂದು. ಇಲ್ಲಿ ಜೈನಳು ರಾಣಿ. ರಾಜ ಬಲಿ ಕೊಡುವ ಮನೆಯಲ್ಲಿ ಹುಟ್ಟಿ, ಅವಳ ಮೇಲಿನ ಪ್ರೀತಿಯಿಂದ ಜೈನಧರ್ಮಕ್ಕೆ ಬಂದವನು. ತಾಯಿ ಹಳೆಯ ದೇವಿಯನ್ನು ಬಿಟ್ಟಿಲ್ಲ. ಹಿಟ್ಟಿನ ಹುಂಜ ಇಬ್ಬರನ್ನೂ ಸಮಾಧಾನಪಡಿಸಲು ರಾಜ ಹುಡುಕಿಕೊಂಡ ರಾಜಿ. ಆ ರಾಜಿಯನ್ನು ಒಪ್ಪದವಳು ರಾಣಿ. ಆಕಾರವಷ್ಟೇ ಹಿಟ್ಟಿನದು, ಕೃತ್ಯ ಕೊಲೆಯದೇ ಎಂಬ ಜನ್ನನ ವಾದ ಇಲ್ಲಿ, ಜನ್ನ ಪಾಪಿಯೆಂದ ಹೆಣ್ಣಿನ ಕಡೆಯಿಂದ ಬರುತ್ತದೆ. ಈ ನಾಟಕವೇ ‘ಬಲಿ’ ಎಂಬ ಹೆಸರಿನಲ್ಲಿ 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇಂಗ್ಲಿಷಿನಲ್ಲಿ ರಂಗಕ್ಕೆ ಬಂತು.

ಜೈನ ರಾಣಿಯೊಬ್ಬಳು ಮಾವುತನ ಬಳಿ ಹೋದಂತೆ ತೋರಿಸುವುದು ಶ್ರಾವಕ ಕುಟುಂಬಗಳಿಗೆ ಮುಜುಗರ ತರುವುದು ಸಹಜ. ಆದರೆ ಆ ಪ್ರಸಂಗ ಕಾರ್ನಾಡರು ಹುಟ್ಟಿಸಿದ್ದಲ್ಲ, ನಮ್ಮ ಕವಿಗಳೇ ಅದನ್ನು ಬಿಡಿಸಿ ಬರೆದವರು. ಜನ್ಮಾಂತರಗಳನ್ನು ಕೈಬಿಟ್ಟದ್ದರಿಂದ ಕರ್ಮಸಿದ್ಧಾಂತದ ಬಲ ತಗ್ಗಿತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಚರ್ಚಿಸಬೇಕಾದದ್ದು. ಒಂದು ಲಾಭವಂತೂ ನಿಜ: ಸಂಕಲ್ಪ ಹಿಂಸೆ ಎಂದರೇನೆಂದು ಜೈನೇತರ ಪ್ರೇಕ್ಷಕರಿಗೆ ಎರಡು ತಾಸಿನಲ್ಲಿ ತಿಳಿಸಿದ ಕೃತಿ ಇದರಂತೆ ಇನ್ನೊಂದಿಲ್ಲ.

ಗ್ಯಾಲರಿಯಲ್ಲಿ ನಾವು ಕಾಣಬಹುದಾದದ್ದು

ಕೋಣೆಯ ತುಂಬ ವಸ್ತುಗಳನ್ನು ಜೋಡಿಸುವ ಕಲೆಗೆ ಕನ್ನಡ ವಿಮರ್ಶಕರು ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಬಸದಿಯ ಮಾತು ಗ್ಯಾಲರಿಗೆ ಹೋದದ್ದು ವಿಚಿತ್ರವೇ, ಅರ್ಥ ಮಾತ್ರ ಬೇರೆ.

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನಗಳಲ್ಲಿ ಕಲಿತವರು. ಸೆಗಣಿ, ಕುಂಕುಮ, ದಾರ, ಸೂಜಿ ಅವರ ಸಾಮಗ್ರಿ. 2009ರ ‘ಬಿಹೋಲ್ಡ್’ ಕೃತಿಯಲ್ಲಿ ಅವರು ಬಳಸಿದ್ದು ಸುಮಾರು 4000 ಮೀಟರ್ ಉದ್ದದ, ಮನುಷ್ಯರ ಕೂದಲಿನ ಹಗ್ಗ. ದೃಷ್ಟಿ ತಾಕದಿರಲೆಂದು ವಾಹನಗಳಿಗೆ ಕಟ್ಟುವ ಇಂಥ ಹಗ್ಗದಿಂದಲೇ ಉಕ್ಕಿನ ಬಂಪರ್‌ಗಳನ್ನು ತೂಗುಹಾಕಿದರು. ಆ ವರ್ಷ ವೆನಿಸ್ ಬಿಯೆನಾಲೆಯಲ್ಲಿ ಅದು ಪ್ರದರ್ಶನಗೊಂಡಿತು. ಹರಕೆಯ ಮುಡಿ, ಮಾರಾಟದ ಸರಕು, ಭಯದ ತಾಯಿತ, ಮೂರೂ ಒಂದೇ ಎಳೆಯಲ್ಲಿ ಹೊಸೆದಿವೆ. ಕೃತಿಗೂ ಜೈನ ಆಚರಣೆಗೂ ಸಂಬಂಧವಿಲ್ಲ. ಆದರೆ ಕೇಶಲೋಚವನ್ನು ಕಣ್ಣಾರೆ ಕಂಡ ನಮ್ಮವರೊಬ್ಬರು ಅದರ ಮುಂದೆ ನಿಂತರೆ ಬೇರೆಯವರಿಗೆ ಹೊಳೆಯದ ಒಂದು ವಿಷಯ ಹೊಳೆದೀತು: ಮುನಿಗಳು ಕಿತ್ತ ಕೂದಲು ಯಾರಿಗೂ ಅರ್ಪಣೆಯಲ್ಲ, ಅದಕ್ಕೆ ಬೆಲೆಯೂ ಇಲ್ಲ. ಆ ಕೂದಲಿನ ಬಗ್ಗೆ ಕೃತಿ ಮಾಡಿದ ಜೈನ ಕಲಾವಿದೆ ಇದ್ದರೆ ನೋಡಬೇಕೆನಿಸುತ್ತದೆ.

ಮೈಸೂರಿನ ಎನ್.ಎಸ್. ಹರ್ಷ ಅವರ 2013ರ ‘ಪುನರಪಿ ಜನನಂ ಪುನರಪಿ ಮರಣಂ’ ಸುಮಾರು 24 ಮೀಟರ್ ಅಗಲದ ಚಿತ್ರ. ಒಂದೇ ದಪ್ಪ ಪಟ್ಟಿ ಸುತ್ತಿ, ತಿರುಚಿ, ತನ್ನನ್ನೇ ಸೇರುತ್ತದೆ. ಹತ್ತಿರ ಹೋದರೆ ಅದರೊಳಗೆ ಗ್ರಹ, ನಕ್ಷತ್ರಗಳು. ಸಂಸಾರಚಕ್ರವೆಂದು ಪಾಠಶಾಲೆಯಲ್ಲಿ ಕೇಳಿದ ಮಾತಿಗೆ ಇಂಥ ಆಕಾರವೂ ಇರಬಹುದೆಂದು ಅದನ್ನು ನೋಡಿದಾಗ ತಿಳಿಯುತ್ತದೆ. ಹರ್ಷ ಓದಿದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ‘ಕಾವಾ’ದಲ್ಲಿ. ದೇವರಮೂರ್ತಿಗಳ ರೂಪವನ್ನು ಇಂದಿನ ಶಿಲ್ಪಕ್ಕೆ ತಂದ ಎಲ್.ಎನ್. ತಲ್ಲೂರ್ ಕೂಡ ಅಲ್ಲಿಯವರೇ. ಚಿತ್ರ ಬರೆಯುವ ಮಕ್ಕಳಿರುವ ಮನೆಯವರು ಈ ಹೆಸರನ್ನು ಗುರುತು ಹಾಕಿಕೊಳ್ಳಲಿ.

ಜೈನ ಕಲಾವಿದರಿಗೆ ಇನ್ನೊಂದು ಕೆಲಸ ಬಣ್ಣದ ಡಬ್ಬಿಯಲ್ಲೇ ಕಾದಿದೆ. ಹಲವು ಕುಂಚಗಳು ಹಂದಿ, ಅಳಿಲು ಮುಂತಾದ ಪ್ರಾಣಿಗಳ ಕೂದಲಿನವು. ‘ಐವರಿ ಬ್ಲ್ಯಾಕ್’ ಎಂಬ ಕಪ್ಪು ಬಣ್ಣ ಎಲುಬು ಸುಟ್ಟು ಮಾಡುವಂಥದು. ಕ್ಯಾನ್ವಾಸಿಗೆ ಹಿಂದಿನಿಂದ ಹಚ್ಚುತ್ತ ಬಂದ ಸರಿ ಪ್ರಾಣಿಯ ತೊಗಲಿನ ಅಂಟು. ನೈಲಾನ್ ಕುಂಚ, ಅಕ್ರಿಲಿಕ್ ಲೇಪ, ದೀಪದ ಮಸಿಯ ಕಪ್ಪು ಇಂದು ಸುಲಭವಾಗಿ ಸಿಗುತ್ತವೆ. ಅಹಿಂಸೆಯ ಚಿತ್ರ ಬರೆಯಲು ಕುಳಿತವರು ಕೈಯಲ್ಲಿರುವ ಕುಂಚದ ಮೂಲ ವಿಚಾರಿಸುವುದು ಶ್ರಾವಕಾಚಾರವೂ ಹೌದು, ಕಲೆಯ ವಿಚಾರವೂ ಹೌದು.

ನೀಲಾಂಜನೆಯ ನೃತ್ಯ

ಪಂಚಕಲ್ಯಾಣ ಮಹೋತ್ಸವದಲ್ಲಿ ದೀಕ್ಷಾ ಕಲ್ಯಾಣಕ್ಕೆ ಮುನ್ನ ನೀಲಾಂಜನೆಯ ನೃತ್ಯ ಆಡಿಸುವ ರೂಢಿ ನಮ್ಮ ಊರುಗಳಲ್ಲಿ ಇದೆ. ವೃಷಭನಾಥರ ಸಭೆಯಲ್ಲಿ ಕುಣಿಯುತ್ತಿದ್ದ ದೇವನರ್ತಕಿಯ ಆಯುಸ್ಸು ನಡುವೆಯೇ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರ ಅದೇ ಕ್ಷಣದಲ್ಲಿ ಅವಳಂಥದೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ವೃಷಭನಾಥರಿಗೆ ಗೊತ್ತಾಗುತ್ತದೆ. ಮಥುರೆಯ ಕಂಕಾಲಿ ದಿಬ್ಬದಲ್ಲಿ ಸಿಕ್ಕ, ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು ಎರಡು ಸಾವಿರ ವರ್ಷ ಹಳೆಯ ಉಬ್ಬುಶಿಲ್ಪವೊಂದನ್ನು ವಿದ್ವಾಂಸರು ಇದೇ ದೃಶ್ಯವೆಂದು ಗುರುತಿಸಿದ್ದಾರೆ. ವೈರಾಗ್ಯ ಹುಟ್ಟಿದ್ದು ಉಪದೇಶದಿಂದಲ್ಲ, ಒಂದು ಕಲಾಪ್ರದರ್ಶನ ನೋಡುವಾಗ ಎಂಬುದು ಜೈನ ಪುರಾಣದ ದೊಡ್ಡ ಸಂಗತಿ.

ನಮ್ಮ ಮಂಟಪಗಳಲ್ಲಿ ಈಗ ಸಾಮಾನ್ಯವಾಗಿ ನಡೆಯುವುದು ಮುದ್ರಿತ ಹಾಡಿಗೆ ಒಬ್ಬ ಹುಡುಗಿ ಕುಣಿದು, ಕೊನೆಗೆ ಕುಸಿದು ಬೀಳುವುದು. ಹಾಗೆ ಬಿದ್ದರೆ ಇಡೀ ಸಭೆಗೆ ಸಾವು ಕಾಣಿಸುತ್ತದೆ, ಪುರಾಣದ ಸಭೆಗೆ ಕಾಣಲಿಲ್ಲ. ಇಬ್ಬರು ನರ್ತಕಿಯರನ್ನು ಒಂದೇ ವೇಷದಲ್ಲಿ ತಂದು, ಒಂದು ಸುತ್ತಿನಲ್ಲಿ, ತಾಳ ತಪ್ಪದಂತೆ ಒಬ್ಬಳ ಜಾಗಕ್ಕೆ ಇನ್ನೊಬ್ಬಳು ಬಂದರೆ ಹೇಗೆ? ನೋಡುವವರಲ್ಲಿ ಹತ್ತು ಮಂದಿಗೆ ಅನುಮಾನ ಬರಬೇಕು, ಉಳಿದವರು ಚಪ್ಪಾಳೆ ತಟ್ಟುತ್ತಿರಬೇಕು. ಪಕ್ಕದ ಊರಿನ ಇಬ್ಬರು ಭರತನಾಟ್ಯದ ವಿದ್ಯಾರ್ಥಿನಿಯರು, ಒಬ್ಬ ಮೃದಂಗದವರು, ಹದಿನೈದು ದಿನದ ತಾಲೀಮು, ಇಷ್ಟು ಸಾಕು. ಮಂಟಪದ ಫ್ಲೆಕ್ಸ್‌ಗೆ ಆಗುವ ಖರ್ಚಿನಲ್ಲಿ ಒಂದು ಪಾಲು ಇತ್ತ ತಿರುಗಿಸಿದರಾಯಿತು.