ಕೊಟ್ಟೆಯ ಕಾಲದಿಂದ ಮೈಲುತುತ್ತದ ಕಾಲಕ್ಕೆ

ಮೇ ತಿಂಗಳ ಕೊನೆಗೆ ಸಂಘದ ಅಂಗಡಿಗೆ ಮೈಲುತುತ್ತದ ಚೀಲ ಬಂದು ಬಿತ್ತೆಂದರೆ ಮಳೆಗಾಲ ಬಂತೆಂದೇ ಲೆಕ್ಕ. ಸದಸ್ಯ ಬಾಂಧವರು ಸುಣ್ಣದ ಜತೆ ಹೊತ್ತೊಯ್ಯುವ ಆ ನೀಲಿ ಹರಳಿಗೆ ಮಲೆನಾಡಿನ ತೋಟಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಹೇಗೂ ಇದ್ದೇ ಇರುತ್ತದೆ. ಅವುಗಳ ನಡುವೆ ಈ ಕಥೆಗೂ ಒಂದಿಷ್ಟು ಜಾಗ ಇರಲಿ ಎಂದು ಬರೆಯುತ್ತಿದ್ದೇವೆ.

ಕೊಳೆರೋಗವನ್ನು ನಮ್ಮವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಆರಿದ್ರಾ, ಪುನರ್ವಸು ಮಳೆ ಬಿಡದೆ ಹೊಯ್ಯುವಾಗ ಎಳೆಗಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಲೆ ಮೂಡುತ್ತದೆ, ಕಾಯಿಯ ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ, ಆಮೇಲೆ ಮರದ ಬುಡದಲ್ಲಿ ಉದುರಿದ್ದೇ ಉದುರಿದ್ದು. ರೋಗ ಸುಳಿಗೆ ಇಳಿದರೆ ಫಸಲಿನ ಜತೆ ಮರವೂ ಹೋಯಿತು. ಹಿಂದೆ ಇದಕ್ಕಿದ್ದ ಉಪಾಯ ಕೊಟ್ಟೆ ಕಟ್ಟುವುದು. ಒಂದೊಂದೇ ಮರ ಹತ್ತಿ ಗೊನೆಗೆ ಕೊಡೆ ಹಿಡಿದಂತೆ ಕೊಟ್ಟೆ ಕಟ್ಟಬೇಕು. ನೆಂದು ಜಾರುವ ಮರದಲ್ಲಿ ಆ ಕೆಲಸ ಎಷ್ಟು ಕಷ್ಟದ್ದೆಂದು ಹತ್ತಿದವರಿಗೇ ಗೊತ್ತು. ರೋಗಾಣುವಿನ ಹೆಸರು ಹಿರಿಯರಿಗೆ ತಿಳಿದಿರಲಿಲ್ಲ. ಆದರೆ ನೀರು ತಾಗದ ಗೊನೆಗೆ ಕೊಳೆ ಬಾರದೆಂಬುದು ಚೆನ್ನಾಗಿ ತಿಳಿದಿತ್ತು. ಅದು ಸರಿಯಾದ ತಿಳುವಳಿಕೆಯೇ ಎಂದು ಮುಂದೆ ವಿಜ್ಞಾನವೂ ಒಪ್ಪಿತು.

1908ರಲ್ಲಿ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಎಂಬವರು ಸಸ್ಯರೋಗ ಮತ್ತು ಕೀಟ ತಜ್ಞರಾಗಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಅಡಿಕೆಯ ಕೊಳೆಯನ್ನೇ ಹಿಡಿದು ಕೂತ ಅವರು 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಪ್ರಕಟಿಸಿದರು. ಹೆಸರು ಮಾತ್ರ ನಮ್ಮದೇ: ‘ಕೊಳೆರೋಗ’. ಹಳ್ಳಿಯ ಮಾತೊಂದು ಹೀಗೆ ಹೊರದೇಶದ ವಿಜ್ಞಾನ ಗ್ರಂಥಗಳಿಗೂ ಹೋಯಿತು! ಕೋಲ್ಮನ್ ಸಾಹೇಬರು ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು.

ರೋಗದ ಮೂಲ ಫೈಟಾಫ್ತೊರಾ ಎಂಬ ಕುಲದ ಜೀವಿ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಗಿಡಹಾಳ’ ಎಂಬಂಥ ಅರ್ಥ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನ ಹಸಿವು-ಕಾಯಿಲೆಗಳಲ್ಲಿ ಸಾಯಲು ಕಾರಣವಾದದ್ದು ಇದೇ ಕುಲದ ದಾಯಾದಿ. ಶಿಲೀಂಧ್ರ ಎನ್ನುವುದು ರೂಢಿಯಾದರೂ ಈಗಿನ ವಿಜ್ಞಾನದ ಪ್ರಕಾರ ಇದು ಪಾಚಿಗಳ ದೂರದ ನೆಂಟ. ಇದರ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ತೆಳುವಾಗಿ ನೀರು ನಿಂತರೆ ಸಾಕು. ಕೊಟ್ಟೆ ತಪ್ಪಿಸುತ್ತಿದ್ದುದು ಆ ನೀರನ್ನೇ.

ಮದ್ದು ಹುಟ್ಟಿದ ಕತೆ ಇನ್ನೂ ಸ್ವಾರಸ್ಯ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳ ಎಲೆ ಮಾತ್ರ ರೋಗದಿಂದ ಉಳಿದದ್ದನ್ನು 1882ರಲ್ಲಿ ಕಂಡ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಪ್ರಯೋಗ ಮಾಡಿ 1885ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿದರು. ಕಳ್ಳರ ಕಾಟಕ್ಕೆ ಮಾಡಿದ್ದು ಕೊಳೆಗೂ ಆಯ್ತು ನೋಡಿ. ಅದನ್ನು ಅಡಿಕೆ ಗೊನೆಗೆ ಏರಿಸಿದವರು ಕೋಲ್ಮನ್.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬರೀ ಮೈಲುತುತ್ತ ಗಿಡಕ್ಕೇ ವಿಷ. ಎಳೆಗಾಯಿ, ಸಿಂಗಾರ ಸುಟ್ಟುಹೋಗುತ್ತದೆ. ಸುಣ್ಣ ಅದರ ಹುಳಿ ಮುರಿದು, ತಾಮ್ರವನ್ನು ಕಾಯಿಯ ಮೇಲೆ ನೀಲಿ ಪೊರೆಯಾಗಿ ಕೂರಿಸುತ್ತದೆ. ಈಜಿ ಬಂದ ಬೀಜಾಣು ಅಲ್ಲೇ ಸಾಯುತ್ತದೆ. ಒಳಗೆ ಹೊಕ್ಕ ರೋಗವನ್ನು ಈ ಪೊರೆ ಎಳೆದು ಹೊರಗೆ ಹಾಕಲಾರದು. ಆದ್ದರಿಂದ ಮಳೆ ಹಿಡಿಯುವ ಮೊದಲೇ ಒಮ್ಮೆ, ನಲವತ್ತು-ನಲವತ್ತೈದು ದಿನಕ್ಕೆ ಮತ್ತೊಮ್ಮೆ ಎಂಬ ಕ್ರಮ. ಹಳೇ ಸುಣ್ಣ ಗಾಳಿಗೆ ಸತ್ತುಹೋಗಿದ್ದರೆ ಅಳತೆ ಸರಿಯಿದ್ದರೂ ಮದ್ದು ಸುಡುತ್ತದೆ. ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವ ಪದ್ಧತಿ ಅದಕ್ಕೇ: ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದೇ ಅರ್ಥ. ಈಗ ಮರ ಹತ್ತುವವರು ಸಿಕ್ಕದೆ ನೆಲದಿಂದಲೇ ಕಾರ್ಬನ್ ಫೈಬರ್ ದೋಟಿಯಲ್ಲಿ ಹೊಡೆಯುವವರಿದ್ದಾರೆ, ಆದರೂ ಕತ್ತಿಯ ಪರೀಕ್ಷೆ ಮಾತ್ರ ಅದೇ.

ರೋಗ ಒಂದು ಬೇಲಿಗೆ ನಿಲ್ಲುವುದಿಲ್ಲ. ಉದುರಿದ ಕಾಯಿ, ಒಣಗಿ ಮರದಲ್ಲೇ ಉಳಿದ ಗೊನೆ ಇವುಗಳಲ್ಲಿ ರೋಗಾಣು ಬದುಕಿದ್ದು ಮುಂದಿನ ಮಳೆಗೆ ಎದ್ದು ಬರುತ್ತದೆ. 2013, 2018ರ ಮಳೆಗಾಲ ಮಲೆನಾಡಿನ ಬೆಳೆಗಾರರಿಗೆ ನೆನಪಿರಬೇಕು. ಹೊಡೆಯಲು ಹೊಳವೇ ಸಿಗದೆ ಎರಡನೇ ಮದ್ದು ತಪ್ಪಿದ ತೋಟಗಳು ಎಷ್ಟೋ.

ಇನ್ನು ಮಣ್ಣಿನ ಮಾತು. ಹೊಡೆದ ತಾಮ್ರ ಎಲ್ಲಿಗೆ ಹೋಗುತ್ತದೆ? ಮಳೆಗೆ ತೊಳೆದು ಬುಡಕ್ಕೇ ಇಳಿಯುತ್ತದೆ. ಲೋಹವಾದ್ದರಿಂದ ಅದು ಕೊಳೆಯುವುದಿಲ್ಲ, ಮೇಲ್ಮಣ್ಣಿಗೆ ಅಂಟಿಕೊಂಡು ವರ್ಷವರ್ಷವೂ ಕೂಡುತ್ತಾ ಹೋಗುತ್ತದೆ. ಸ್ವಲ್ಪ ತಾಮ್ರ ಗಿಡಕ್ಕೆ ಬೇಕು. ಹೆಚ್ಚಾದರೆ ಬೇರಿನ ತುದಿ ಮೊಂಡಾಗುತ್ತದೆ, ಕಬ್ಬಿಣದ ಅಂಶ ಎಳೆದುಕೊಳ್ಳಲಾಗದೆ ಎಳೆ ಎಲೆ ಹಳದಿಯಾಗುತ್ತದೆ, ಎರೆಹುಳು ಕಡಿಮೆಯಾಗುತ್ತದೆ. ಹುಳಿ ಮಣ್ಣಿನಲ್ಲಿ ಇದು ಇನ್ನೂ ಜೋರು, ನಮ್ಮದು ಹುಳಿ ಮಣ್ಣೇ. ಶೇಕಡಾ ಒಂದರ ದ್ರಾವಣ 200 ಲೀಟರಿನ ಒಂದು ಡ್ರಮ್ಮಿಗೆ 2 ಕಿಲೋ ಮೈಲುತುತ್ತ, ಅದರಲ್ಲಿ ಅಪ್ಪಟ ತಾಮ್ರ ಸುಮಾರು ಅರ್ಧ ಕಿಲೋ. ಬೋರ್ಡೋ ಹುಟ್ಟಿದ ಯುರೋಪಿನಲ್ಲೇ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ ಮೀರಬಾರದೆಂಬ ಕಟ್ಟಳೆ ಬಂದಿದೆ. ಮದ್ದು ಬಿಡಿ ಎಂದು ನಾವು ಹೇಳುವವರಲ್ಲ. ಬಿಟ್ಟರೆ ಫಸಲು ಕೈಗೆ ಬಾರದು. ಆದರೆ ‘ಈ ಸಲ ಮಳೆ ಜೋರು, ಒಂದು ಹಿಡಿ ಜಾಸ್ತಿಯೇ ಇರಲಿ’ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಡ್ರಮ್ಮಿಗೆ ಅರ್ಧ ಕಿಲೋದಂತೆ ತಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ತಾಮ್ರ ಇಳಿಯುತ್ತದೆಂದು ಅವರು ಒಮ್ಮೆ ಕೂತು ಲೆಕ್ಕ ಹಾಕಿ ನೋಡಲಿ.