ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯ

ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯವು ಉಡುಪಿ ಜಿಲ್ಲೆಯಲ್ಲಿ ನೆಲೆಸಿರುವ, ಕೊಂಕಣಿ ಮಾತೃಭಾಷೆಯ ಕ್ರೈಸ್ತ ಸಮುದಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಷಪರ ಅಧಿಕಾರದ ಪ್ರಶ್ನೆಯ ಮೇಲೆ ರೋಮನ್ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಇಬ್ಬರು ಪಾದ್ರಿಗಳು, ಗೋವೆಯ ಅಲ್ವಾರಿಸ್ ಮತ್ತು ಬ್ರಹ್ಮಾವರದ ನೊರೊನ್ಹಾ, ಇದರ ಮೂಲಪುರುಷರು.

ಹಿನ್ನೆಲೆ

ಕರಾವಳಿಯ ಕ್ಯಾಥೊಲಿಕರಲ್ಲಿ ಹೆಚ್ಚಿನವರ ಪೂರ್ವಜರು ಗೋವೆಯಿಂದ ವಲಸೆ ಬಂದವರು. ಪೂರ್ವದೇಶಗಳ ಚರ್ಚುಗಳನ್ನು ಪೋಷಿಸುವ ಹಾಗೂ ಬಿಷಪರನ್ನು ಸೂಚಿಸುವ ಹಕ್ಕನ್ನು ಪೋಪರು ಪೋರ್ಚುಗಲ್ಲಿನ ದೊರೆಗೆ ನೀಡಿದ್ದರು. ಇದಕ್ಕೆ ‘ಪದ್ರೊವಾದೊ’ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ‘ಪ್ರೊಪಗಾಂಡ ಫಿದೆ’ ಎಂಬ ಮಂಡಲಿ ಸ್ಥಾಪನೆಯಾಗಿ, ಅದು ನೇರವಾಗಿ ಧರ್ಮಾಧಿಕಾರಿಗಳನ್ನು ನೇಮಿಸತೊಡಗಿದ ಮೇಲೆ ಎರಡು ಅಧಿಕಾರಗಳ ನಡುವೆ ದೀರ್ಘ ಕಲಹ ನಡೆಯಿತು.

1886ರ ಒಪ್ಪಂದದಲ್ಲಿ ಪೋಪ್ 13ನೆಯ ಲಿಯೋ ಮತ್ತು ಪೋರ್ಚುಗಲ್ ಸರ್ಕಾರ ಈ ವ್ಯಾಪ್ತಿಯನ್ನು ಮರುನಿಗದಿ ಮಾಡಿದರು. ಕಾರವಾರ, ಅಂಕೋಲೆಗಳು ಗೋವೆಯ ಆರ್ಚ್‌ಬಿಷಪರ ಅಧೀನದಲ್ಲೇ ಉಳಿದವು. ಬ್ರಹ್ಮಾವರವು ಜೆಸ್ವಿತ್ ಪಾದ್ರಿಗಳ ನೇತೃತ್ವದ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತು. ಗೋವೆಯ ಪಾದ್ರಿಗಳಿಗೆ ಒಗ್ಗಿದ್ದ ಹಲವು ಕುಟುಂಬಗಳು ಈ ಬದಲಾವಣೆಯನ್ನು ಒಪ್ಪಲಿಲ್ಲ.

ಭಿನ್ನಮತ

ಗೋವೆಯ ವೆರ್ಣೆಯಲ್ಲಿ 1836ರಲ್ಲಿ ಜನಿಸಿದ ಆಂಟೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಅಲ್ವಾರಿಸ್ ಪತ್ರಕರ್ತರೂ ಆಗಿದ್ದರು. ತಮ್ಮ ಪತ್ರಿಕೆಗಳಲ್ಲಿ ಅವರು ಸರ್ಕಾರವನ್ನೂ ಧರ್ಮಾಧಿಕಾರಿಗಳನ್ನೂ ಟೀಕಿಸಿದರು. ಗುರುದೀಕ್ಷೆಯ ವೇಳೆ ಬಿಷಪರಿಗೆ ವಿಧೇಯನಾಗಿರುವೆನೆಂದು ಮಾತು ಕೊಟ್ಟ ಪಾದ್ರಿಗೆ ಇದು ಸಣ್ಣ ನಡೆಯಾಗಿರಲಿಲ್ಲ. ಅವರು ಬಹಿಷ್ಕಾರಕ್ಕೆ ಒಳಗಾದರು.

1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಮಲಂಕರ ಬಿಷಪರು ಅವರಿಗೆ ‘ಮಾರ್ ಜೂಲಿಯಸ್’ ಎಂಬ ಹೆಸರಿನಲ್ಲಿ ಬಿಷಪ್ ದೀಕ್ಷೆ ನೀಡಿದರು. ಪೋಪರ ಪರಮಾಧಿಕಾರವನ್ನು ತೊರೆದರೂ ಲ್ಯಾಟಿನ್ ಪೂಜಾವಿಧಿಯನ್ನು ಅವರು ಬಿಡಲಿಲ್ಲ. ವಿವಾದವಿದ್ದುದು ಪೂಜಾಕ್ರಮದ ಬಗ್ಗೆಯಲ್ಲ, ಯಾರ ಆಜ್ಞೆಗೆ ತಲೆಬಾಗಬೇಕು ಎಂಬುದರ ಬಗ್ಗೆ. ಬ್ರಹ್ಮಾವರದಲ್ಲಿ ರೋಕ್ ಝೆಫ್ರಿನ್ ನೊರೊನ್ಹಾ ಅವರೊಡನೆ ಅನೇಕ ಕುಟುಂಬಗಳು ಹೊಸ ಸಭೆಯನ್ನು ಸೇರಿದವು.

ನಂತರದ ವರ್ಷಗಳು

ಬಿಷಪರ ಉಡುಪು ಧರಿಸಿದ್ದಕ್ಕಾಗಿ ಗೋವೆಯಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಅಲ್ವಾರಿಸರನ್ನು ಬಂಧಿಸಿದರು. ಬಡವರ ಮತ್ತು ಕುಷ್ಠರೋಗಿಗಳ ಸೇವೆಯಲ್ಲಿ ಉಳಿದ ಆಯುಷ್ಯವನ್ನು ಕಳೆದ ಅವರು 1923ರ ಸೆಪ್ಟೆಂಬರ್ 23ರಂದು ರಿಬಂದರಿನಲ್ಲಿ ನಿಧನರಾದರು. ಮರಣಶಯ್ಯೆಯಲ್ಲಿಯೂ ಹಳೆಯ ಸಭೆಗೆ ಮರಳಲು ಅವರು ಒಪ್ಪಲಿಲ್ಲ. ನೊರೊನ್ಹಾ 1936ರಲ್ಲಿ ತೀರಿಕೊಳ್ಳುವವರೆಗೂ ಬ್ರಹ್ಮಾವರದ ಸಮುದಾಯವನ್ನು ಮುನ್ನಡೆಸಿದರು.

ಇಂದು

ಸಂತ ಮೇರಿ ಕೆಥೆಡ್ರಲ್ ಸಮುದಾಯದ ಕೇಂದ್ರ. ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜು ಈ ಸಮುದಾಯದ ವಿದ್ಯಾಸಂಸ್ಥೆ. 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯು ಬ್ರಹ್ಮಾವರವನ್ನು ಪ್ರತ್ಯೇಕ ಧರ್ಮಪ್ರಾಂತ್ಯವನ್ನಾಗಿ ರಚಿಸಿತು.