ಎಜ್‌ಕೂಂಬ್ ಅವೆನ್ಯೂ 555: ಒಂದು ಮನೆಯ ಜಾಝ್ ಕಛೇರಿ

ನಮ್ಮ ಊರಿನ ಒಂದು ಕಲಾಸಂಸ್ಥೆಯ ಬಗ್ಗೆ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದರು. ಕಾರ್ನೆಗಿ ಹಾಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುತ್ತಿರುವುದು ನ್ಯೂಯಾರ್ಕಿನ ಹಾರ್ಲೆಮ್ ಕಡೆಯ ಒಂದು ಅಪಾರ್ಟ್‌ಮೆಂಟ್ ಮನೆಯ ಬಗ್ಗೆ. ಅಲ್ಲಿ ಮಾರ್ಜರಿ ಎಲಿಯಟ್ ಅವರ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ಜಾಝ್ ಕಛೇರಿ. ಟಿಕೆಟ್ ಇಲ್ಲ, ಮುಂಗಡ ಕಾಯ್ದಿರಿಸುವಿಕೆ ಇಲ್ಲ. ಮೊದಲು ಬಂದವರಿಗೆ ಪಡಸಾಲೆ, ಆಮೇಲೆ ಬಂದವರಿಗೆ ಅಡುಗೆಮನೆ, ಓಣಿ.

ಕಟ್ಟಡವೂ ಸಾಮಾನ್ಯದ್ದಲ್ಲ. 1914–16ರಲ್ಲಿ ಎದ್ದ ಈ ಸೌಧದಲ್ಲಿ ಸುಮಾರು 1940ರವರೆಗೆ ಬಿಳಿಯರಿಗೆ ಮಾತ್ರ ಮನೆ ಸಿಗುತ್ತಿತ್ತು. ಆ ಕಟ್ಟುಪಾಡು ಮುರಿದುಬಿದ್ದ ಮೇಲೆ ಗಾಯಕ, ನಟ ಪಾಲ್ ರಾಬ್ಸನ್, ಜಾಝ್ ದಿಗ್ಗಜ ಕೌಂಟ್ ಬೇಸಿ, ಮುಷ್ಟಿಮಲ್ಲ ಜೋ ಲೂಯಿಸ್ ಇಲ್ಲಿ ಬಾಳಿದರು. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮನ್ನಣೆ ಸಿಕ್ಕಿತು. ಸ್ಥಳೀಯರ ಬಾಯಲ್ಲಿ ಇದು ‘ಟ್ರಿಪಲ್ ನಿಕಲ್’, ಅಂದರೆ ಮೂರು ಐದು.

ಮಾರ್ಜರಿ ನಟಿ, ನಾಟಕಕಾರ್ತಿ, ಪಿಯಾನೊ ವಾದಕಿ. ಅವರ ಮಗ ಫಿಲಿಪ್ 1992ರ ಒಂದು ಭಾನುವಾರ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಆಮೇಲೆ ಭಾನುವಾರ ಬಂದರೆ ಆ ತಾಯಿಗೆ ಸಹಿಸುವುದೇ ಕಷ್ಟವಾಯಿತು. ವರ್ಷ ತುಂಬಿದಾಗ ಹತ್ತಿರದ ಮಾರಿಸ್-ಜುಮೆಲ್ ಮಹಲಿನ ಹುಲ್ಲುಹಾಸಿನ ಮೇಲೆ ಮಗನ ನೆನಪಿಗೆ ಸಂಗೀತ ಏರ್ಪಡಿಸಿದರು. ಆಮೇಲೆ ಅದನ್ನು ತಮ್ಮ ಮನೆಗೇ ತಂದು ವಾರವಾರದ ಕಛೇರಿಯಾಗಿಸಿದರು. 2006ರಲ್ಲಿ ಇನ್ನೊಬ್ಬ ಮಗ ಮೈಕೆಲ್ ಕೂಡ ಭಾನುವಾರವೇ ಹೋದಾಗಲೂ ಕಛೇರಿ ನಿಲ್ಲಲಿಲ್ಲ. ಸಂಕಟವನ್ನು ಹೀಗೆ ಊರಿಗೆಲ್ಲ ಆತಿಥ್ಯವಾಗಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಸಭೆ ನೋಡಬೇಕು. ಮಡಚುವ ಕುರ್ಚಿಗಳು ಒಂದಕ್ಕೊಂದು ತಾಗಿಕೊಂಡು, ಮೊದಲ ಸಾಲಿನವರ ಮೊಣಕಾಲು ಸ್ಯಾಕ್ಸೊಫೋನಿನಿಂದ ಮೊಳ ದೂರ. ವಾದಕರು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಮಾರ್ಜರಿ ಪಿಯಾನೊ ಮುಂದೆ. ಅವರ ಮಗ ರೂಡೆಲ್ ಡ್ರಿಯರ್ಸ್ ಸಹ ನುಡಿಸಿ ಹಾಡುತ್ತಾರೆ. ನಡುವಿನ ವಿರಾಮದಲ್ಲಿ ಎಲ್ಲರ ಕೈಗೂ ಸೇಬಿನ ರಸದ ಪುಟ್ಟ ಲೋಟ, ಜೊತೆಗೊಂದು ತಿನಿಸು, ನಮ್ಮ ರಾಮನವಮಿ ಪಾನಕ-ಕೋಸಂಬರಿಯ ಹಾಗೆ.

ಮುಂದಿನ ವರ್ಷಗಳ ಕಥೆ ಉದ್ದ ಬೇಡ. ವಾರಗಳು ಕಳೆದವು, ಕೇಳುಗರು ದೇಶದೇಶಗಳಿಂದ ಬಂದರು, ಕೋವಿಡ್ ಬಂತು, ಹೋಯಿತು.

ನಮ್ಮ ಕನ್ನಡಿಗರಿಗೂ ಈ ಮನೆಗೂ ನಂಟು ಬೆಳೆದದ್ದನ್ನು ಮಾತ್ರ ತುಸು ಹೆಚ್ಚೇ ಹೇಳಬೇಕು, ಏಕೆಂದರೆ ಆ ಓಡಾಟದಲ್ಲಿ ನಾನಿದ್ದೆ. ನಮ್ಮ ಕನ್ನಡ ಬಳಗ ಎರಡಾಗಿದ್ದ ಕಾಲ ಹಿರಿಯರಿಗೆ ನೆನಪಿದೆ. ಕಾರಣಗಳನ್ನು ಈಗ ಕೆದಕುವುದು ಬೇಡ, ಎರಡೂ ಕಡೆ ಒಳ್ಳೆಯವರೇ ಇದ್ದರು. ಆಗ ಎರಡೂ ಕಡೆಯವರಿಗೆ ಫೋನ್ ಮಾಡಿ ಒಂದು ಭಾನುವಾರ ಈ ಕಛೇರಿಗೆ ಕರೆದೊಯ್ದೆ. ಯುಗಾದಿಗೂ ಒಂದೇ ಸಭಾಂಗಣಕ್ಕೆ ಬಾರದವರು ಆ ಮನೆಯಲ್ಲಿ ಅಕ್ಕಪಕ್ಕ ಕೂತರು. ಕೂರಲು ಬೇರೆ ಜಾಗವೂ ಇರಲಿಲ್ಲ. ಮೃದಂಗ ಕಲಿತಿದ್ದ ಸದಸ್ಯರೊಬ್ಬರು ಇಡೀ ಹೊತ್ತು ತೊಡೆಯ ಮೇಲೆ ತಾಳ ಹಾಕಿದರು. ಬಳಗ ಮತ್ತೆ ಒಂದಾಗುವಲ್ಲಿ ಆ ಮಧ್ಯಾಹ್ನದ ಪಾಲು ದೊಡ್ಡದೆಂದೇ ನನ್ನ ನಂಬಿಕೆ.

ಜಾಝ್ ನಮಗೆ ಹೊರಗಿನದು ಎನ್ನುವವರಿಗೆ ಒಂದು ಮಾತು. ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಗಾಯಕಿ ಆರ್.ಎ. ರಮಾಮಣಿ, ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲೇ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿದ್ದರು. ತನಿ ಆವರ್ತನ ಕೇಳಿ ಬೆಳೆದ ಕಿವಿಗೆ ಜಾಝ್‌ನ ಮನೋಧರ್ಮ ಹಿಡಿಯಲು ಹೆಚ್ಚು ಹೊತ್ತು ಬೇಡ.

ಹೊಸದಾಗಿ ಬಂದಿರುವ ಕನ್ನಡಿಗ ಕುಟುಂಬಗಳಲ್ಲಿ ನನ್ನ ಕೋರಿಕೆ ಇಷ್ಟೇ: ಆ ವಾರ ಕಛೇರಿ ಇದೆಯೇ ಎಂದು ವಿಚಾರಿಸಿಕೊಂಡು, ಸಿ ರೈಲು ಹಿಡಿದು 163ನೇ ಬೀದಿಯಲ್ಲಿ ಇಳಿಯಿರಿ. ಮಕ್ಕಳನ್ನೂ ಕರೆದೊಯ್ಯಿರಿ. ಪ್ರವೇಶ ಉಚಿತವೆಂದು ಕೈಬೀಸಿಕೊಂಡು ಬರಬೇಡಿ. ಕೈಲಾದಷ್ಟು ಕಾಣಿಕೆ ಕೊಟ್ಟು ಬನ್ನಿ.